ಕೈಗೆಟುಕುವ ದೂರದಲ್ಲಿ ವಾದ್ಯ

ಸಂಗೀತಗಾರರೊಬ್ಬರನ್ನು ರೇಡಿಯೊ ಕೇಂದ್ರಕ್ಕೆ ಕರೆದು ಕೂರಿಸಿದ ಮೇಲೆ ಕೇಳುವ ಪ್ರಶ್ನೆಗಳು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಸಂಗೀತದ ಗೀಳು ಹತ್ತಿದ್ದು ಯಾವಾಗ, ಮನೆಯವರು ಏನೆಂದರು, ಗುರುಗಳು ಹೇಗೆ ಸಿಕ್ಕರು, ಮೊದಲ ಕಛೇರಿ ಎಲ್ಲಿ ನಡೆಯಿತು, ವಿದೇಶದ ಶ್ರೋತೃಗಳು ಹೇಗಿರುತ್ತಾರೆ, ಕೊನೆಗೆ ಇಂದಿನ ಯುವಪೀಳಿಗೆಗೆ ನಿಮ್ಮ ಕಿವಿಮಾತೇನು. ಅತಿಥಿಗೂ ಈ ಪಟ್ಟಿ ಗೊತ್ತಿರುತ್ತದೆ. ಹತ್ತು ಕಡೆ ಕೊಟ್ಟ ಉತ್ತರವನ್ನೇ ಹನ್ನೊಂದನೆಯ ಸಲ ಕೊಡುತ್ತಾರೆ. ನಡುವೆ ಒಂದು ಧ್ವನಿಮುದ್ರಿಕೆ ಹಾಕಲಾಗುತ್ತದೆ. ಅದು ಮುಗಿದ ಮೇಲೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನಿರೂಪಕರು ಅದ್ಭುತ ಎಂದು ಉದ್ಗರಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಇಷ್ಟನ್ನೇ ಮಾಡುವುದಾದರೆ ಪತ್ರಿಕೆ ಸಾಕಿತ್ತು. ಪತ್ರಿಕೆಗೆ ಎಷ್ಟು ಹೆಣಗಿದರೂ ಸಾಧ್ಯವಾಗದ ಒಂದು ಅನುಕೂಲ ರೇಡಿಯೊಗಿದೆ: ಅಲ್ಲಿ ಉತ್ತರ ಮಾತಿನಲ್ಲೇ ಬರಬೇಕೆಂದಿಲ್ಲ, ನಾದದಲ್ಲೂ ಬರಬಹುದು. ಇಪ್ಪತ್ತನೆಯ ಶತಮಾನದ ಸಂಗೀತ ಸಂದರ್ಶನಗಳಲ್ಲಿ ಇಂದಿಗೂ ಜನ ಹುಡುಕಿ ಕೇಳುವಂಥವನ್ನು ಗಮನಿಸಿದರೆ, ಅವುಗಳಲ್ಲಿ ಬಹಳಷ್ಟು ಬಾಳಿನ ಕತೆಯನ್ನು ಬದಿಗಿಟ್ಟು ಕೆಲಸದ ಕತೆಯನ್ನು ಕೆದಕಿದಂಥವು ಎಂಬುದು ಕಾಣುತ್ತದೆ. ಏಕೆ ಎಂದು ಕೇಳಿದವರಿಗಿಂತ ಹೇಗೆ ಎಂದು ಕೇಳಿದವರು ಹೆಚ್ಚು ಪಡೆದರು.

1954ರ ಆರಂಭದಲ್ಲಿ ಅಮೆರಿಕದ ಬಾಸ್ಟನ್ ನಗರದ ಡಬ್ಲ್ಯುಎಚ್‌ಡಿಎಚ್ ಕೇಂದ್ರದಲ್ಲಿ ನಡೆದ ಒಂದು ಮಾತುಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ಅತಿಥಿ ಚಾರ್ಲಿ ಪಾರ್ಕರ್. ಬೀಬಾಪ್ ಎಂದು ಹೆಸರಾದ ಜಾಜ್ ಶೈಲಿಯನ್ನು ರೂಪಿಸಿದವರಲ್ಲಿ ಮುಖ್ಯರು. ನಿರೂಪಕ ಜಾನ್ ಮೆಕ್‌ಲೆಲನ್ ಜೊತೆ ಪ್ರಶ್ನೆ ಕೇಳಲು ಕೂತಿದ್ದವರು ಪಾಲ್ ಡೆಸ್ಮಂಡ್. ಅವರೂ ಆಲ್ಟೊ ಸ್ಯಾಕ್ಸೊಫೋನ್ ವಾದಕರೇ, ಡೇವ್ ಬ್ರೂಬೆಕ್ ತಂಡದವರು. ಮುಂದೆ 1959ರಲ್ಲಿ ಲೋಕಪ್ರಸಿದ್ಧವಾದ ‘ಟೇಕ್ ಫೈವ್’ ರಚಿಸಿದವರು. ಇಬ್ಬರದೂ ಒಂದೇ ವಾದ್ಯ, ನುಡಿಸುವ ಬಗೆ ಮಾತ್ರ ಉತ್ತರ ದಕ್ಷಿಣ. ಪಾರ್ಕರ್ ವೇಗ ಕೇಳುವವರ ಉಸಿರು ಕಟ್ಟಿಸುವಂಥದ್ದು, ಡೆಸ್ಮಂಡ್ ನಾದ ಮೆದು, ನಿಧಾನ. ಆಗಿನ ಜಾಜ್ ಲೋಕದಲ್ಲಿ ಪಾರ್ಕರ್ ಎಂದರೆ ಹುಟ್ಟುಪ್ರತಿಭೆ, ಅಭ್ಯಾಸದ ಹಂಗಿಲ್ಲದೆ ಮೇಲಿನಿಂದ ಇಳಿದುಬಂದ ವರ ಎಂಬ ನಂಬಿಕೆ ಇತ್ತು. ಡೆಸ್ಮಂಡ್ ನೇರವಾಗಿ ಆ ಕೈಚಳಕದ ಮೂಲವನ್ನೇ ಕೇಳಿದರು: ಅದು ಬಂದದ್ದು ಹೇಗೆ, ಅಭ್ಯಾಸದಿಂದಲೋ ಹಾಗೆಯೇ ಒಲಿದದ್ದೋ. ಪಾರ್ಕರ್ ಉತ್ತರ ಪುರಾಣವನ್ನು ಒಡೆಯಿತು. ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ನುಡಿಸುತ್ತಿದ್ದೆ, ಆ ಗದ್ದಲಕ್ಕೆ ನೆರೆಹೊರೆಯವರು ಬೇಸತ್ತು ಮನೆ ಖಾಲಿ ಮಾಡಿ ಎಂದು ತಾಯಿಗೆ ಬೆದರಿಕೆ ಹಾಕಿದ್ದರು ಎಂದರು. ಕನ್ನಡಿ ಹಿಡಿದು ತೋರಿಸುವ ಜಾದೂ ಅಲ್ಲ, ಪುಸ್ತಕ ಹಿಡಿದು ಕಲಿತದ್ದು ಎಂಬರ್ಥದ ತಮಾಷೆಯನ್ನೂ ಮಾಡಿದರು. ಕೇಳಿದ ಡೆಸ್ಮಂಡ್ ದನಿಯಲ್ಲಿ ಒಂದು ಬಗೆಯ ಸಮಾಧಾನ ಕೇಳಿಸುತ್ತದೆ. ತಾನೂ ಅದೇ ವಾದ್ಯ ಹಿಡಿದವನಲ್ಲವೆ.

ಹನ್ನೊಂದು, ಹದಿನೈದು ಎಂಬ ಲೆಕ್ಕ ಉತ್ಪ್ರೇಕ್ಷೆ ಇರಬಹುದು ಎನ್ನುವವರಿದ್ದಾರೆ. ಇರಬಹುದು; ಹದಿಹರೆಯದ ಕಷ್ಟವನ್ನು ವರ್ಷಗಳ ಮೇಲೆ ಹೇಳುವಾಗ ಗಂಟೆಗಳು ಉದ್ದವಾಗುವುದು ಸಹಜ. ಆದರೆ ಇಲ್ಲಿ ಮುಖ್ಯವಾದದ್ದು ಸಂಖ್ಯೆಯಲ್ಲ, ತನ್ನ ಪ್ರತಿಭೆಯನ್ನು ಪವಾಡದ ಪಟ್ಟದಿಂದ ಇಳಿಸಿ ಪಾರ್ಕರ್ ಅದನ್ನು ದುಡಿಮೆಯ ಪಕ್ಕದಲ್ಲಿಟ್ಟದ್ದು. ಅದೇ ಮಾತುಕತೆಯಲ್ಲಿ ಅವರು ಫ್ರಾನ್ಸ್ ಮೂಲದ ಪ್ರಯೋಗಶೀಲ ಸಂಯೋಜಕ ಎಡ್ಗಾರ್ ವರೇಸ್ ಅವರ ಬಳಿ ಕಲಿಯುವ ಆಸೆಯನ್ನೂ ಹೇಳಿಕೊಂಡರು. 1955ರ ಮಾರ್ಚ್‌ನಲ್ಲಿ, 34ನೆಯ ವಯಸ್ಸಿಗೇ, ಪಾರ್ಕರ್ ತೀರಿಕೊಂಡರು. ಮಾದಕ ವ್ಯಸನ, ಆಸ್ಪತ್ರೆ, ಸಾಲ ಎಲ್ಲವೂ ಅವರ ಬಾಳಿನಲ್ಲಿದ್ದವು, ಅವನ್ನು ಕುರಿತು ಪುಸ್ತಕಗಳೇ ಬಂದಿವೆ. ಆ ಪುಸ್ತಕಗಳಲ್ಲಿ ಕಾಣುವ ದುರಂತನಾಯಕನಿಗಿಂತ ಈ ಸಣ್ಣ ಮಾತುಕತೆಯ ವಿನಯವಂತ, ಓದುವ ಹಂಬಲದ ಕಸುಬುದಾರ ಪಾರ್ಕರ್ ಸಂಗೀತವನ್ನು ಚೆನ್ನಾಗಿ ವಿವರಿಸುತ್ತಾನೆ ಎಂಬುದು ನನ್ನ ಅಭಿಪ್ರಾಯ. ಡೆಸ್ಮಂಡ್ ಬಳಿ ಪತ್ರಕರ್ತರ ಚಾತುರ್ಯ ಇರಲಿಲ್ಲ. ಏನು ಕಷ್ಟ ಎಂಬುದು ಗೊತ್ತಿತ್ತು, ಅಷ್ಟೆ. ಏನು ಕಷ್ಟ ಎಂದು ಗೊತ್ತಿಲ್ಲದವರಿಗೆ ಏನನ್ನು ಕೇಳಬೇಕೆಂಬುದೂ ಗೊತ್ತಾಗುವುದಿಲ್ಲ.

ಡೆಸ್ಮಂಡ್ ಆ ಹೊತ್ತಿಗೆ ಮಾಡಿದ್ದನ್ನು ಮೇರಿಯನ್ ಮೆಕ್‌ಪಾರ್ಟ್‌ಲಂಡ್ ಒಂದು ಸಂಸ್ಥೆಯನ್ನಾಗಿಯೇ ಕಟ್ಟಿದರು. 1918ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪಿಯಾನೊ ವಾದಕಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ನೆಟ್ ವಾದಕ ಜಿಮ್ಮಿ ಮೆಕ್‌ಪಾರ್ಟ್‌ಲಂಡ್ ಅವರನ್ನು ಮದುವೆಯಾಗಿ ಅಲ್ಲಿಗೆ ಹೋದವರು. ಸೌತ್ ಕ್ಯಾರೊಲಿನಾದ ಸಾರ್ವಜನಿಕ ರೇಡಿಯೊ ನಿರ್ಮಿಸಿ ನ್ಯಾಷನಲ್ ಪಬ್ಲಿಕ್ ರೇಡಿಯೊ ದೇಶಕ್ಕೆಲ್ಲ ಮುಟ್ಟಿಸಿದ ಅವರ ‘ಪಿಯಾನೊ ಜಾಜ್’ ಕಾರ್ಯಕ್ರಮದ ಧ್ವನಿಮುದ್ರಣ 1978ರಲ್ಲಿ ಶುರುವಾಯಿತು; ಮೂವತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಕಾರ್ಯಕ್ರಮದ ಇಡೀ ಗುಟ್ಟು ಕೋಣೆಯ ಏರ್ಪಾಡಿನಲ್ಲಿತ್ತು. ಎರಡು ಪಿಯಾನೊ, ಒಂದರ ಮುಂದೆ ಅತಿಥಿ, ಇನ್ನೊಂದರ ಮುಂದೆ ಆತಿಥೇಯಿ. ಮಾತು ಎಲ್ಲಿ ತೊಡರಿತೋ ಅಲ್ಲಿ ಬೆರಳು ಮುಂದುವರಿಸುತ್ತಿತ್ತು. ಮೊದಲ ಅತಿಥಿ ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್. ತುತ್ತೂರಿಗೆ ಹೆಸರಾದ ಡಿಜಿ ಗಿಲೆಸ್ಪಿ ಕೂಡ ಅಲ್ಲಿ ಪಿಯಾನೊ ಮುಂದೆಯೇ ಕೂತರು.

1978ರ ನವೆಂಬರ್ 6ರಂದು ಧ್ವನಿಮುದ್ರಣವಾದ ಜಾಜ್ ಪಿಯಾನೊ ವಾದಕ ಬಿಲ್ ಇವಾನ್ಸ್ ಕಂತನ್ನು ಕೇಳಿದವರು ಮರೆಯಲಾರರು. ಇವಾನ್ಸ್ ಮಾತು ಕಡಿಮೆ, ಸಂಕೋಚದ ಮನುಷ್ಯ ಎಂದು ಹೆಸರಾಗಿದ್ದವರು. ಅವರ ನುಡಿಕೆಯನ್ನು ಭಾವಗೀತೆ, ಮಂಜು, ವಿಷಾದ ಎಂಬ ಶಬ್ದಗಳಲ್ಲಿ ಬಣ್ಣಿಸುವುದು ವಾಡಿಕೆಯಾಗಿತ್ತು. ಅವರು ಅಲ್ಲಿ ತೋರಿಸಿದ್ದು ವಿಷಾದವನ್ನಲ್ಲ, ರಚನೆಯನ್ನು. ‘ದ ಟಚ್ ಆಫ್ ಯುವರ್ ಲಿಪ್ಸ್’ ಎಂಬ ಹಳೆಯ ಹಾಡನ್ನು ತೆಗೆದುಕೊಂಡು ಅದರ ಬರಿಯ ಹಂದರ ಹೇಗಿರುತ್ತದೆ, ಆ ಹಂದರದ ಮುಖ್ಯ ನಿಲುಗಡೆಗಳು ಎಲ್ಲಿವೆ, ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಹೋಗಲು ನಡುವೆ ಏನೇನು ತುಂಬಬಹುದು ಎಂಬುದನ್ನು ನುಡಿಸಿ ತೋರಿಸಿದರು. ಸ್ವರಗುಚ್ಛಗಳನ್ನು ತಾಳದ ಪೆಟ್ಟಿನಿಂದ ಆಚೀಚೆ ಸರಿಸುವ ತಮ್ಮ ಅಭ್ಯಾಸದ ಬಗ್ಗೆಯೂ ಮಾತಾಡಿದರು. ಹೊರಗಿನಿಂದ ಕನಸಿನಂತೆ ಕೇಳಿಸುತ್ತಿದ್ದದ್ದರ ಒಳಗೆ ಎಷ್ಟು ಕಟ್ಟುನಿಟ್ಟಿನ ಲೆಕ್ಕಾಚಾರ ಇದೆ ಎಂಬುದು ಆಗ ಸ್ಪಷ್ಟವಾಗುತ್ತದೆ. ಮೆಕ್‌ಪಾರ್ಟ್‌ಲಂಡ್ ಜೊತೆಗೂಡಿ ನುಡಿಸುತ್ತಾರೆ, ತಡವರಿಸುತ್ತಾರೆ, ನಗುತ್ತಾರೆ. ಆ ತಡವರಿಕೆಯೂ ಪಾಠವೇ. ಎರಡು ವರ್ಷ ತುಂಬುವ ಮೊದಲೇ, 1980ರ ಸೆಪ್ಟೆಂಬರ್‌ನಲ್ಲಿ, ಇವಾನ್ಸ್ ಹೋದರು. ಆ ಕಂತು ಮುಂದೆ ಸಂಗೀತದ ಧ್ವನಿಮುದ್ರಿಕೆಯಾಗಿಯೇ ಅಂಗಡಿಗೆ ಬಂತು. ಸಂದರ್ಶನವೊಂದು ಕಲಾವಿದನ ಕೃತಿಗಳ ಸಾಲಿನಲ್ಲಿ ನಿಲ್ಲುವುದು ದಿನವೂ ನಡೆಯುವ ಸಂಗತಿಯಲ್ಲ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ಇದೆಲ್ಲ ಬಲ್ಲವರಿಗೆ ಸರಿ, ಸ್ವರ ಗುರುತಿಸಲಾರದ ಸಾಮಾನ್ಯ ಕೇಳುಗನಿಗೆ ಹಂದರ, ನಿಲುಗಡೆ ಎಂದರೆ ಏನು ತಿಳಿಯುತ್ತದೆ? ವಿಲಿಸ್ ಕಾನೋವರ್ ಅವರನ್ನೇ ಈ ಪಕ್ಷದವರು ಸಾಕ್ಷಿಗೆ ಕರೆಯಬಹುದು. ವಾಯ್ಸ್ ಆಫ್ ಅಮೆರಿಕದಲ್ಲಿ 1955ರಿಂದ ನಾಲ್ಕು ದಶಕ ಜಾಜ್ ಕೇಳಿಸಿದ ಈತ ಶೀತಲ ಸಮರದ ಕಾಲದಲ್ಲಿ ಪೂರ್ವ ಯುರೋಪ್ ಮತ್ತು ಸೋವಿಯತ್ ಒಕ್ಕೂಟದ ಮನೆಮಾತು. ಸರ್ಕಾರಿ ಬಾನುಲಿಯನ್ನು ದೇಶದೊಳಗೆ ಪ್ರಸಾರ ಮಾಡಕೂಡದೆಂಬ 1948ರ ಕಾನೂನಿನಿಂದಾಗಿ ಅಮೆರಿಕನ್ನರಿಗೇ ಆತನ ಹೆಸರು ಗೊತ್ತಿರಲಿಲ್ಲ, ಅದು ಬೇರೆ ಮಾತು. ಇಂಗ್ಲಿಷ್ ಅರೆಬರೆ ಬಲ್ಲವರಿಗೂ ತಿಳಿಯಲೆಂದು ಒಂದೊಂದೇ ಪದವನ್ನು ಬಿಡಿಸಿ ನಿಧಾನವಾಗಿ ಮಾತಾಡುತ್ತಿದ್ದ. ಡ್ಯೂಕ್ ಎಲಿಂಗ್ಟನ್, ಲೂಯಿ ಆರ್ಮ್‌ಸ್ಟ್ರಾಂಗ್ ಅಂಥವರನ್ನು ಮಾತಾಡಿಸುವಾಗಲೂ ತಾಂತ್ರಿಕ ವಿವರಕ್ಕೆ ಹೆಚ್ಚು ಕೈಹಾಕಿದವನಲ್ಲ. ಹಾಗಿದ್ದೂ ಗೆದ್ದನಲ್ಲ? ಗೆದ್ದ, ನಿಜ. ಆದರೆ ಆ ಕೇಳುಗರಿಗೆ ಧ್ವನಿಮುದ್ರಿಕೆಗಳೇ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಯಾರು ನುಡಿಸಿದ್ದು, ಯಾವ ತಂಡ, ಯಾವ ವರ್ಷ ಎಂಬ ಒಣ ಮಾಹಿತಿಯೇ ಅವರಿಗೆ ಹಸಿವಿನ ಅನ್ನ. ಅದನ್ನು ಕಾನೋವರ್ ಅಚ್ಚುಕಟ್ಟಾಗಿ ಬಡಿಸಿದ. ಎಲ್ಲವೂ ಒಂದು ಬೆರಳ ತುದಿಯಲ್ಲಿ ಸಿಗುವ ಇಂದಿನ ಕೇಳುಗನಿಗೆ ಆ ಕೊರತೆಯಿಲ್ಲ. ಅವನಿಗಿರುವುದು ಇನ್ನೊಂದು ಕೊರತೆ: ಮುಂದೆ ಬಂದು ಬೀಳುವ ರಾಶಿಯಲ್ಲಿ ಏನನ್ನು ಆಲಿಸಬೇಕೆಂದು ತಿಳಿಯದು. ಅದಕ್ಕೆ ಬೇಕಾದದ್ದು ಇವಾನ್ಸ್ ಕಂತಿನಂಥದ್ದು. ತಾಂತ್ರಿಕ ಪದ ಬೇರೆ, ತಾಂತ್ರಿಕ ಉದಾಹರಣೆ ಬೇರೆ. ಪದ ಕೇಳುಗನನ್ನು ಹೊರಗಿಡುತ್ತದೆ. ಅದನ್ನೇ ಎರಡು ಬಗೆಯಲ್ಲಿ ನುಡಿಸಿ ತೋರಿಸಿದರೆ ಪದ ಗೊತ್ತಿಲ್ಲದವನಿಗೂ ವ್ಯತ್ಯಾಸ ಕೇಳಿಸುತ್ತದೆ. ಪಿಯಾನೊ ನುಡಿಸುವವರಷ್ಟೇ ಕೇಳಿದ್ದರೆ ‘ಪಿಯಾನೊ ಜಾಜ್’ ಮೂರು ದಶಕ ಬಾಳುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಸಂಗೀತಗಾರರದೇ: ಹೇಳಬೇಕಾದದ್ದನ್ನೆಲ್ಲ ನುಡಿಸಿಯಾಗಿದೆ, ಇನ್ನು ಮಾತೇಕೆ? ಗೌರವಿಸಬೇಕಾದ ನಿಲುವು. ಆದರೆ ಮಾತು ಸಂಗೀತವನ್ನು ವಿವರಿಸಲೇಬೇಕೆಂಬ ನಿಯಮವೇನೂ ಇಲ್ಲ. 1966ರ ಜುಲೈಯಿಂದ 1967ರ ಜನವರಿಯವರೆಗೆ ನ್ಯೂಯಾರ್ಕಿನ ಡಬ್ಲ್ಯುಬಿಎಐ ಕೇಂದ್ರದಲ್ಲಿ ಸಂಯೋಜಕರಾದ ಜಾನ್ ಕೇಜ್ ಮತ್ತು ಮಾರ್ಟನ್ ಫೆಲ್ಡ್‌ಮನ್ ಐದು ಸಲ ಕೂತು ಮಾತಾಡಿದರು. ಸಂದರ್ಶಕರೇ ಇಲ್ಲ, ಪ್ರಶ್ನಾವಳಿ ಇಲ್ಲ. ಒಟ್ಟು ನಾಲ್ಕೂವರೆ ಗಂಟೆಯಷ್ಟು ಹರಟೆ. ಕಡಲ ತೀರಕ್ಕೆ ಹೋದರೆ ಎಲ್ಲೆಲ್ಲೂ ಟ್ರಾನ್ಸಿಸ್ಟರ್‌ಗಳ ಅರಚಾಟ ಎಂದು ಫೆಲ್ಡ್‌ಮನ್ ಗೊಣಗುತ್ತಾರೆ. ಕೇಜ್ ಅದಕ್ಕೆ ತಾವು ಕಂಡುಕೊಂಡ ಉಪಾಯ ಹೇಳುತ್ತಾರೆ: ಹನ್ನೆರಡು ರೇಡಿಯೊಗಳಿಗೆಂದು 1951ರಲ್ಲಿ ತಾವು ಒಂದು ಕೃತಿ ಬರೆದಾಗಿದೆ, ಈಗ ಎಲ್ಲಿ ರೇಡಿಯೊ ಕೂಗಿದರೂ ತಮ್ಮ ಕೃತಿಯನ್ನೇ ನುಡಿಸುತ್ತಿದ್ದಾರೆ ಎಂದುಕೊಳ್ಳುವುದು. ತಮಾಷೆಯಂತೆ ಕಾಣುವ ಈ ಮಾತಿನಲ್ಲಿ ಕೇಜ್ ಅವರ ಇಡೀ ಕೆಲಸದ ಕ್ರಮ ಇದೆ. ಬೇಡದ ಸದ್ದನ್ನು ಕಿವಿಯ ಹದ ಬದಲಿಸಿ ಬೇಕಾದದ್ದಾಗಿ ಮಾಡಿಕೊಳ್ಳುವುದು ಅವರ ಪಾಲಿಗೆ ಅಭ್ಯಾಸ, ಪಾರ್ಕರ್ ಪಾಲಿಗೆ ಹನ್ನೊಂದು ಗಂಟೆಯ ಸಾಧನೆ ಇದ್ದ ಹಾಗೆ. ಈ ಮಾತುಕತೆಯಲ್ಲಿ ದೀರ್ಘ ಮೌನಗಳಿವೆ, ಸುತ್ತಿ ಬಂದು ಮತ್ತೆ ಅಲ್ಲೇ ನಿಲ್ಲುವ ವಿಚಾರಗಳಿವೆ. ಫೆಲ್ಡ್‌ಮನ್ ಸಂಗೀತ ಕೇಳಿದವರಿಗೆ ಆ ಗತಿ ಗುರುತು ಸಿಗುತ್ತದೆ. ಇವರ ಸಂಗೀತ ಅರ್ಥವಾಗುವುದಿಲ್ಲ ಎಂದು ದೂರುವವರು ಮೊದಲು ಈ ಹರಟೆ ಕೇಳುವುದು ಒಳ್ಳೆಯದು. ವಾಣಿಜ್ಯ ಜಾಹೀರಾತಿನ ಹಂಗಿಲ್ಲದೆ ಶ್ರೋತೃಗಳ ವಂತಿಗೆಯಿಂದ ನಡೆಯುವ ಕೇಂದ್ರವಾದ್ದರಿಂದಲೇ ಅಲ್ಲಿ ಇಷ್ಟು ಮೌನಕ್ಕೆ ಜಾಗ ಸಿಕ್ಕಿತು ಎಂಬುದನ್ನೂ ಸೇರಿಸಬೇಕು.

ಕೆಲಸದ ಮಾತು ಎಂದರೆ ಸಿದ್ಧತೆಯಿಲ್ಲದ, ಹೊಳೆದಂತೆ ಆಡಿದ ಮಾತು ಎಂದೇನೂ ಅಲ್ಲ. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1964ರಲ್ಲೇ ಸಭಾ ಕಛೇರಿಗಳನ್ನು ಬಿಟ್ಟು ಧ್ವನಿಮುದ್ರಣದ ಕೋಣೆ ಸೇರಿದವರು. ರೇಡಿಯೊ ಅವರಿಗೆ ಎರಡನೆಯ ವಾದ್ಯ. 1967ರಲ್ಲಿ ಅಲ್ಲಿನ ಸಾರ್ವಜನಿಕ ಬಾನುಲಿಗೆ ಮಾಡಿದ ‘ದ ಐಡಿಯಾ ಆಫ್ ನಾರ್ತ್’ ಕಾರ್ಯಕ್ರಮದಲ್ಲಿ ಹಲವರ ಮಾತನ್ನು ಬಾಕ್ ಕೃತಿಯ ಎಳೆಗಳಂತೆ ಒಂದರ ಮೇಲೊಂದು ಹೆಣೆದರು. ತಮ್ಮ ಸಂದರ್ಶನಗಳನ್ನೂ ಅವರು ಬಿಡಲಿಲ್ಲ. 1982ರಲ್ಲಿ ವಿಮರ್ಶಕ ಟಿಮ್ ಪೇಜ್ ಜೊತೆ ನಡೆದ, ಬಾಕ್ ಅವರ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಕುರಿತ ಸಂಭಾಷಣೆಯನ್ನು, ಪೇಜ್ ಆಡಬೇಕಾದ ಮಾತುಗಳೂ ಸೇರಿದಂತೆ, ಗೂಲ್ಡ್ ಮೊದಲೇ ಬರೆದಿಟ್ಟಿದ್ದರು. ಇದು ಮೋಸವಲ್ಲವೆ? ಪತ್ರಿಕೋದ್ಯಮದ ಅಳತೆಗೋಲಿನಲ್ಲಿ ಹೌದೇನೋ. ಆದರೆ ಅದರಲ್ಲಿ ಸಿಗುವುದೇನು ನೋಡಿ. ಅದೇ ಕೃತಿ ಗೂಲ್ಡ್ ಕೈಯಲ್ಲಿ 1955ರಲ್ಲಿ ಸುಮಾರು 38 ನಿಮಿಷಕ್ಕೆ ಮುಗಿದದ್ದು 1981ರಲ್ಲಿ 51 ನಿಮಿಷ ಹಿಡಿದದ್ದು ಏಕೆ ಎಂಬುದಕ್ಕೆ, ವಯಸ್ಸಾಯಿತು, ಮಾಗಿದರು ಎಂಬ ಸುಲಭದ ಉತ್ತರ ಅಲ್ಲಿಲ್ಲ. ಮೂವತ್ತು ಬಿಡಿ ತುಣುಕುಗಳನ್ನು ಒಂದೇ ನಾಡಿಮಿಡಿತಕ್ಕೆ ಕಟ್ಟಬೇಕೆಂದು ಹೊರಟಾಗ ಒಂದೊಂದರ ವೇಗ ಇನ್ನೊಂದರ ಜೊತೆ ಹೇಗೆ ಹೊಂದಬೇಕಾಯಿತು ಎಂಬ ವಿವರಣೆ ಇದೆ. ಬರೆದು ಓದಿದ ನಿಜ, ಥಟ್ಟನೆ ಆಡಿದ ಸುಳ್ಳಿಗಿಂತ ಮೇಲು. ಮುಕ್ತವಾಗಿ ಮಾತಾಡಲು ಬಿಟ್ಟರೆ ಸಂಗೀತಗಾರರು ಎಂಥ ಆಯ್ಕೆ ಮಾಡಬಹುದು ಎಂಬುದಕ್ಕೆ ಬಿಬಿಸಿಯ ‘ಡೆಸರ್ಟ್ ಐಲೆಂಡ್ ಡಿಸ್ಕ್ಸ್’ ಕಾರ್ಯಕ್ರಮದ ಪ್ರಸಿದ್ಧ ಕತೆಯೇ ಇದೆಯಲ್ಲ: ನಿರ್ಜನ ದ್ವೀಪಕ್ಕೆ ಒಯ್ಯುವ ಎಂಟು ಧ್ವನಿಮುದ್ರಿಕೆ ಆರಿಸಿ ಎಂದಾಗ ಗಾಯಕಿ ಎಲಿಜಬೆತ್ ಶ್ವಾರ್ಜ್‌ಕಾಫ್ ಆರಿಸಿದವುಗಳಲ್ಲಿ ಏಳು ಅವರವೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೂ ಉಳಿದಿದೆ. ಬಾಳನ್ನು ಬದಿಗಿಟ್ಟು ಕೆಲಸವನ್ನಷ್ಟೇ ಕೇಳಿದರೆ ಬಡತನ, ಜನಾಂಗದ್ವೇಷ, ಹೆಣ್ಣೆಂಬ ಕಾರಣಕ್ಕೆ ಮುಚ್ಚಿದ ಬಾಗಿಲು, ಇವೆಲ್ಲ ಮರೆಗೆ ಸರಿಯುವುದಿಲ್ಲವೆ? ಚಿಕಾಗೊದ ಡಬ್ಲ್ಯುಎಫ್‌ಎಂಟಿ ಕೇಂದ್ರದಲ್ಲಿ 1952ರಿಂದ 45 ವರ್ಷ ಸಂದರ್ಶನ ನಡೆಸಿದ ಸ್ಟಡ್ಸ್ ಟರ್ಕೆಲ್ ಬಾಳನ್ನು ಬಿಟ್ಟು ಕೆಲಸವನ್ನಷ್ಟೇ ಕೇಳಿದವರಲ್ಲ. ಗಾಸ್ಪೆಲ್ ಗಾಯಕಿ ಮಹೇಲಿಯಾ ಜಾಕ್ಸನ್ ಜೊತೆಗಿನ ಅವರ ಮಾತುಗಳಲ್ಲಿ ಹಾಡಿನಷ್ಟೇ ಕರಿಯರ ಬದುಕೂ ಇದೆ. ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಬಾಳು ಬೇಡವೆಂದಲ್ಲ, ಅದಕ್ಕೆ ಹೋಗುವ ದಾರಿ ಕೆಲಸದ ಮೂಲಕ ಇರಲಿ ಎಂದು. ಕಾನ್ಲನ್ ನ್ಯಾನ್ಕ್ಯಾರೊ ಎಂಬ ಸಂಯೋಜಕನನ್ನು ತೆಗೆದುಕೊಳ್ಳಿ. ಆತ ಬರೆದದ್ದು ಮನುಷ್ಯರಿಗಲ್ಲ, ತೂತು ಕೊರೆದ ಕಾಗದದ ಸುರುಳಿಯಿಂದ ತಾನಾಗಿ ನುಡಿಯುವ ಯಾಂತ್ರಿಕ ಪಿಯಾನೊಗೆ. ಕೆಲವೇ ನಿಮಿಷದ ಸಂಗೀತಕ್ಕೆ ತಿಂಗಳುಗಟ್ಟಲೆ ಕೈಯಾರೆ ತೂತು ಕೊರೆಯಬೇಕು. ಯಂತ್ರವೇ ಏಕೆ ಎಂದು ಕೇಳಿದರೆ ಬೆರಳುಗಳಿಗೆ ಅಸಾಧ್ಯವಾದ ಲಯಗಳ ಲೆಕ್ಕ ಬರುತ್ತದೆ. ನುಡಿಸುವವರು ಹತ್ತಿರ ಏಕಿರಲಿಲ್ಲ ಎಂದು ಮುಂದೆ ಕೇಳಿದರೆ ಮೆಕ್ಸಿಕೊ ಬರುತ್ತದೆ; ಮೆಕ್ಸಿಕೊ ಏಕೆ ಎಂದರೆ ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೊ ವಿರುದ್ಧ ಹೋರಾಡಿ ಬಂದವನಿಗೆ ಸ್ವದೇಶವೇ ಪಾಸ್‌ಪೋರ್ಟ್ ನಿರಾಕರಿಸಿದ್ದು, 1940ರಲ್ಲಿ ಆತ ಗಡಿ ದಾಟಿದ್ದು ಬರುತ್ತದೆ. ರಾಜಕೀಯವೆಲ್ಲ ಆ ಕಾಗದದ ತೂತುಗಳಲ್ಲೇ ಇದೆ. ದಶಕಗಳ ಕಾಲ ಅಜ್ಞಾತನಾಗಿದ್ದ ಈತನನ್ನು ಹುಡುಕಿಕೊಂಡು ಹೋಗಿ ಧ್ವನಿಮುದ್ರಣ ಮಾಡಿಸಿದವರಲ್ಲಿ ಪ್ರಮುಖರು ಬರ್ಕ್ಲಿಯ ಕೆಪಿಎಫ್‌ಎ ರೇಡಿಯೊ ಕೇಂದ್ರದ ಸಂಗೀತ ನಿರ್ದೇಶಕರಾಗಿದ್ದ ಚಾರ್ಲ್ಸ್ ಅಮಿರ್ಖಾನಿಯನ್. ಅವರೂ ಸ್ವತಃ ಸಂಯೋಜಕರು.

ಸಂಗೀತಗಾರರನ್ನು ಸಂಗೀತಗಾರರೇ ಕೇಳುವ ಈ ಸರಪಳಿಯ ಒಂದು ಕೊಂಡಿ ನಮ್ಮ ದಕ್ಷಿಣ ಕನ್ನಡದಲ್ಲಿದೆ. ಕದ್ರಿ ಗೋಪಾಲನಾಥ್ ಎಂದರೆ ಎಲ್ಲರಿಗೂ ನೆನಪಾಗುವ ಕತೆ ಒಂದೇ: ನಾಗಸ್ವರ ವಿದ್ವಾಂಸರ ಮಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದ ಹುಡುಗ. ಚೆಂದದ ಕತೆ, ಸಾವಿರ ಸಲ ಹೇಳಿದ್ದಾಗಿದೆ. ಆದರೆ ಆ ಕತೆ ಮುಗಿಯುವಲ್ಲೇ ಸಂಗೀತದ ಪ್ರಶ್ನೆ ಶುರುವಾಗುವುದು. ಕೀಲಿಗಳಿಂದ ಒಂದೊಂದು ಸ್ವರವನ್ನೂ ಪ್ರತ್ಯೇಕ ಮೆಟ್ಟಿಲಾಗಿ ಕತ್ತರಿಸಿಟ್ಟ ವಾದ್ಯದಲ್ಲಿ ತೋಡಿ ರಾಗದ ಗಾಂಧಾರವನ್ನು ತೂಗಿಸುವುದು ಹೇಗೆ? ಎಷ್ಟು ಪಾಲು ತುಟಿ, ಎಷ್ಟು ಉಸಿರು, ಎಷ್ಟು ಕೀಲಿಯನ್ನು ಅರ್ಧ ಒತ್ತಿದ ಬೆರಳು? ಈ ಪ್ರಶ್ನೆ ನಿಜವಾಗಿ ಕಾಡುವುದು ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕನನ್ನು. ಕನ್ನಡ ಮೂಲದ ತಂದೆಯ ಮಗ, ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಪಾರ್ಕರ್ ಸಂಗೀತವನ್ನು ಅರೆದು ಕುಡಿದವರು; 2015ರ ಅವರ ‘ಬರ್ಡ್ ಕಾಲ್ಸ್’ ಧ್ವನಿಮುದ್ರಿಕೆ ಪಾರ್ಕರ್‌ಗೆ ಸಲ್ಲಿಸಿದ ಕಾಣಿಕೆ. ಅವರೇ 2008ರಲ್ಲಿ ಗೋಪಾಲನಾಥ್ ಜೊತೆ ‘ಕಿನ್ಸ್‌ಮೆನ್’ ತಂದರು. ಇಬ್ಬರದೂ ಆಲ್ಟೊ, ಒಬ್ಬರದು ಗಮಕದ ಹಾದಿ, ಇನ್ನೊಬ್ಬರದು ಬೀಬಾಪ್ ಹಾದಿ. 1954ರ ಬಾಸ್ಟನ್ ಕೋಣೆಯಲ್ಲಿ ಡೆಸ್ಮಂಡ್ ಮಾಡಿದ ಕೆಲಸವನ್ನು ಇವರು ಬಹುಮಟ್ಟಿಗೆ ಮಾತಿಲ್ಲದೆ ಮಾಡಿದ್ದಾರೆ ಎನ್ನಬಹುದು.

ಹಾಗಾದರೆ ಪ್ರತಿ ಸಂದರ್ಶನಕ್ಕೂ ಒಬ್ಬ ಡೆಸ್ಮಂಡ್, ಒಬ್ಬ ಮೆಕ್‌ಪಾರ್ಟ್‌ಲಂಡ್ ಎಲ್ಲಿಂದ ತರುವುದು ಎಂದು ಕೇಂದ್ರದವರು ಕೇಳಿಯಾರು. ನಮ್ಮ ಆಕಾಶವಾಣಿ ಅಂಥವರನ್ನು ಸಂಬಳ ಕೊಟ್ಟು ಇಟ್ಟುಕೊಂಡ ಸಂಸ್ಥೆ. ಧಾರವಾಡ ನಿಲಯಕ್ಕೆ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಬೆಂಗಳೂರು ನಿಲಯದಲ್ಲಿ ವೀಣೆಯ ದೊರೆಸ್ವಾಮಿ ಅಯ್ಯಂಗಾರ್ಯರು ಕೆಲಸ ಮಾಡಿದರು. 1949ರಿಂದ 1956ರವರೆಗೆ ರವಿಶಂಕರ್ ದೆಹಲಿ ಕೇಂದ್ರದಲ್ಲಿ ಸಂಗೀತ ನಿರ್ದೇಶಕರಾಗಿದ್ದರು. ಕೇಳಬಲ್ಲವರಿಗೆ ಕೊರತೆ ಇರಲಿಲ್ಲ. ನಿಲಯಗಳಲ್ಲಿ ಕಛೇರಿಯ ವಿಭಾಗ ಒಂದು ಕಡೆ, ಮಾತಿನ ವಿಭಾಗ ಇನ್ನೊಂದು ಕಡೆ ಎಂಬ ಕಚೇರಿ ಪದ್ಧತಿಯೇ ಎರಡನ್ನೂ ದೂರ ಇಟ್ಟಿತು ಎಂಬುದು ನನ್ನ ಊಹೆ. ಈಗ ಪಾಡ್‌ಕಾಸ್ಟ್ ಕಾಲ. ಮೂರು ಗಂಟೆ ಮಾತಾಡಿದರೂ ತಡೆಯುವವರಿಲ್ಲ. ಆದರೆ ಅವುಗಳಲ್ಲಿ ಸಂಗೀತದ ತುಣುಕು ಹಾಕಲು ಧ್ವನಿಮುದ್ರಿಕೆ ಕಂಪನಿಗಳ ಹಕ್ಕುಸ್ವಾಮ್ಯ ಅಡ್ಡ ಬರುತ್ತದೆ. ಹಾಗಾಗಿ ಸಂಗೀತಗಾರರ ಜೊತೆ ಗಂಟೆಗಟ್ಟಲೆ ಸಂಗೀತವಿಲ್ಲದ ಮಾತು. ಇದಕ್ಕೆ ಪರಿಹಾರ ಮೆಕ್‌ಪಾರ್ಟ್‌ಲಂಡ್ ಕೋಣೆಯಲ್ಲೇ ಇದೆ, ನಮ್ಮವರಿಗೆ ಇನ್ನೂ ಸುಲಭ. ಶ್ರುತಿ ಮಾಡಿದ ಒಂದು ತಂಬೂರಿ, ಅತಿಥಿಯ ವಾದ್ಯಕ್ಕೆ ಇನ್ನೊಂದು ಮೈಕು, ನಿಮಗೆ ಬೇಕಾದಾಗ ಮಾತು ನಿಲ್ಲಿಸಿ ಎಂಬ ಅಪ್ಪಣೆ. ತೋಡಿಯ ಗಾಂಧಾರ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ ಎಂದು ಹಾಡಿ ತೋರಿಸಲು ಯಾವ ಕಂಪನಿಯ ಒಪ್ಪಿಗೆಯೂ ಬೇಕಿಲ್ಲ.